ಕಣ್ಣು ಮಾತ್ರ ಸರ್ ಇಡುವುದು

ಮೂಲ್ಕಿ
16 ಫೆಬ್ರವರಿ 1997

ಅಳಿಯ ಚಂದು,

ನಿನಗೆ ಆಶೀರ್ವಾದ ಆಮೇಲೆ ಮಾಡುತ್ತೇನೆ. ಮೊದಲು ಈ ಲಕೋಟೆಯನ್ನು ನಿನಗಿಂತ ಮುಂಚೆ ಬಿಚ್ಚುವ ಪುಣ್ಯಾತ್ಮರಿಗೆ ಒಂದು ದೊಡ್ಡ ನಮಸ್ಕಾರ. ಸ್ವಾಮಿ, ಓದಿಕೊಳ್ಳಿ, ಬೇಡ ಅನ್ನುವುದಿಲ್ಲ. ನನ್ನ ಅಕ್ಷರ ಕೋಳಿ ಕೆರೆದ ಹಾಗೆ ಉಂಟು, ಆಯಾಸವಾದರೆ ನಡುವೆ ಒಂದು ಚಹಾ ಕುಡಿಯಿರಿ.

ನನಗೆ ಇದು ಹೇಗೆ ಗೊತ್ತಾಯಿತು ಕೇಳು ಚಂದು. ನಿನ್ನ ಕಳೆದ ಕಾಗದದ ಬಾಯಿಯನ್ನು ಎರಡು ಸಲ ಮುಚ್ಚಿದ್ದಾರೆ. ಒಳಗಿನದ್ದು ನಿನ್ನ ಎಂಜಲು. ಅದರ ಮೇಲೆ ಬಿಳಿ ಮರದಂಟು. ನಲ್ವತ್ತು ವರ್ಷ ನಾಟಕದ ಪರದೆಗೆ ಸರೇಸಿನ ಅಂಟು ಕಾಯಿಸಿದವನಿಗೆ ಅಂಟಿನ ಮೇಲೆ ಅಂಟು ಬಿದ್ದದ್ದು ಗೊತ್ತಾಗುವುದಿಲ್ಲವಾ? ಪೋಸ್ಟ್ ಆಫೀಸಿನವರು ಇಷ್ಟು ಒಳ್ಳೆಯ ಅಂಟು ಹಾಕುವುದಿಲ್ಲ. ಅಂಟು ನೋಡಿದರೆ ನಂಟು ತಿಳಿಯುತ್ತದೆ. ಇದು ನಿಮ್ಮ ಸ್ಟುಡಿಯೋದ್ದೇ.

ಮೊನ್ನೆ ನೆರೆಮನೆ ಆಚುಮ್ಮನ ಮಗ ದುಬೈಯಿಂದ ಬಂದ. ಅವನು ತಾಯಿಗೆ ತಂದ ಚಪ್ಪಲಿ ಸುತ್ತಿದ ಪೇಪರಿನಲ್ಲಿ ನಿನ್ನ ಸ್ಟುಡಿಯೋದ ಧಣಿ ಶಾಮಸುಂದರ್ ಸರ್ ಫೋಟೋ! ಪಕ್ಕದಲ್ಲಿ ಯಾವನೋ ಸಾಹುಕಾರನ ದೊಡ್ಡ ಎಣ್ಣೆಬಣ್ಣದ ಚಿತ್ರ. ಆಚುಮ್ಮ, "ಯಾರು ದೂಮಣ್ಣ ಇದು, ನಿಮ್ಮ ನೆಂಟರಾ?" ಅಂದಳು. ನಾನು ಸಾಹುಕಾರನ ಕಿವಿ ನೋಡಿದೆ. ಕಿವಿಯನ್ನು ಗೇರುಬೀಜದ ಹಾಗೆ ಬರೆ, ಒಳಗೆ ಒಂದೇ ಒಂದು ಗೆರೆ ಎಳೆ ಅಂತ ಈ ಲೋಕದಲ್ಲಿ ಒಬ್ಬನಿಗೆ ಮಾತ್ರ ನಾನು ಹೇಳಿಕೊಟ್ಟದ್ದು. "ಹೌದು ಆಚುಮ್ಮ, ಆ ಕಿವಿ ನಮ್ಮ ನೆಂಟ" ಅಂದೆ. ಅವಳಿಗೆ ನಾನು ಕುಡಿದಿದ್ದೇನೆ ಅಂತ ಅನುಮಾನ.

ಕಿವಿ ನಮ್ಮದು, ಕೀರ್ತಿ ಅವರದ್ದು. ಇರಲಿ. ಆದರೆ ಎರಡು ವರ್ಷ ಅಂತ ಹೋದವನು ನಾಲ್ಕಾಯಿತು. ನೀನು ರಜೆ ಕೇಳಿದರೆ ಅವರಿಗೆ ಸಜೆ ಅಂತ ಕೇಳಿಸುತ್ತದಾ? (ಸ್ವಾಮಿ, ಇದು ತಮಾಷೆ. ಚಹಾ ಕುಡಿಯಿರಿ.)

ನಿನ್ನ ತಾಯಿ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು. ಅವನನ್ನು ಯಾಕೆ ಕಳಿಸಿದೆ ಅಂತ. ತಂಗಿಗೆ ಏನು ಉತ್ತರ ಕೊಡುವುದು, ಬರೆ.

ನಿನ್ನ ಸೋದರಮಾವ,
ದೂಮಪ್ಪ


ಅಲ್ ಮುರಕ್ಕಬಾತ್, ದುಬೈ
21 ಮಾರ್ಚ್ 1997

ಮಾಮ, ನಮಸ್ಕಾರ.

ಇದನ್ನು ಪೋಸ್ಟಿಗೆ ಹಾಕುತ್ತಿಲ್ಲ. ಪಕ್ಕದ ಹೋಟೆಲಿನಲ್ಲಿ ಕೆಲಸ ಮಾಡುವ ಡ್ಯಾನಿಯಲ್, ಕಿನ್ನಿಗೋಳಿಯವನು, ರಜೆಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕೊಟ್ಟಿದ್ದೇನೆ. ನೀವು ಹೇಳಿದ್ದು ಸರಿ. ಇಲ್ಲಿ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ಬರುವುದಿಲ್ಲ. ಎಲ್ಲರ ಕಾಗದವೂ ಕಂಪನಿಯ ಪೋಸ್ಟ್ ಬಾಕ್ಸಿಗೆ ಬರುವುದು. ಬಾಕ್ಸಿನ ಕೀಲಿ ಸರ್ ಹತ್ತಿರ. ನಾನು ಬರೆದದ್ದನ್ನೂ "ಕೊಡಪ್ಪ, ನಾನೇ ಹಾಕ್ತೀನಿ" ಅಂತ ತೆಗೆದುಕೊಳ್ಳುತ್ತಾರೆ. ಒಮ್ಮೆ ಕೇಳಿದೆ. "ನಮ್ಮನೆ ಹುಡುಗ ನೀನು. ನಿನ್ನ ಪತ್ರ ನಾನು ನೋಡಿದ್ರೆ ತಪ್ಪೇನು?" ಅಂದರು. ಸ್ವರ ಏರಿಸಲಿಲ್ಲ. ಅವರು ಯಾವತ್ತೂ ಏರಿಸುವುದಿಲ್ಲ.

ನಿಮ್ಮ ಹತ್ತಿರ ಮುಚ್ಚಿಟ್ಟದ್ದು ಸಾಕು. ನನ್ನ ವೀಸಾದಲ್ಲಿ ಕ್ಲೀನರ್ ಅಂತ ಉಂಟು, ಆರ್ಟಿಸ್ಟ್ ಅಂತ ಇಲ್ಲ. ಪಾಸ್‌ಪೋರ್ಟ್ ನಾನು ಇಲ್ಲಿಗೆ ಬಂದ ದಿನವೇ ಸರ್ ತೆಗೆದುಕೊಂಡರು, ಅವರ ಕಬ್ಬಿಣದ ಕಪಾಟಿನಲ್ಲಿ ಉಂಟು. "ಕಳೆದುಹೋದ್ರೆ ನೀನೇ ಅಳ್ತೀಯ." ಕರಾರು ಮುಗಿದು ಎರಡು ವರ್ಷವಾಯಿತು. ಅವರು ರಿಲೀಸ್ ಕಾಗದಕ್ಕೆ ಸಹಿ ಮಾಡದೆ ನಾನು ಬೇರೆ ಕಡೆ ಕೆಲಸಕ್ಕೆ ಸೇರುವ ಹಾಗಿಲ್ಲ, ಊರಿಗೂ ಬರುವ ಹಾಗಿಲ್ಲ. ಸುಮ್ಮನೆ ಹೊರಟರೆ ಓಡಿಹೋದವ ಅಂತ ದೂರು ಕೊಡುತ್ತಾರೆ. ಆಮೇಲೆ ಜೈಲು. ನಾನು ಮಲಗುವುದು ಸ್ಟುಡಿಯೋದ ಹಿಂದಿನ ಸಾಮಾನಿನ ಕೋಣೆಯಲ್ಲಿ. ಸರ್ ಮತ್ತು ಅವರ ಹೆಂಡತಿ ಇಂದ್ರಾಣಿ ಅಮ್ಮ ಅದೇ ಕಟ್ಟಡದ ಆರನೇ ಮಹಡಿಯಲ್ಲಿ ಇದ್ದಾರೆ.

ಗಿರಾಕಿ ಫೋಟೋ ಕೊಡುತ್ತಾನೆ. ನಾನು ಚೌಕ ಹಾಕಿ ಕ್ಯಾನ್ವಾಸಿಗೆ ಇಳಿಸುತ್ತೇನೆ. ಮುಖ, ಬಟ್ಟೆ, ಹಿಂದಿನ ಪರದೆ ಎಲ್ಲ ನಾನೇ. ಕೊನೆಗೆ ಕಣ್ಣನ್ನು ಮಾತ್ರ ಸರ್ ಇಟ್ಟು, ಸಹಿ ಹಾಕುತ್ತಿದ್ದರು. ಗಿರಾಕಿಗಳಿಗೆ ಅದನ್ನೇ ಹೇಳುವುದು: "ಹುಡುಗ ಬಣ್ಣ ತುಂಬ್ತಾನೆ. ಕಣ್ಣು ಮಾತ್ರ ನಾನೇ ಇಡೋದು." ಈಗ ಅದೂ ಇಲ್ಲ ಮಾಮ. ಹೋದ ವರ್ಷದ ರಂಜಾನ್‌ನಿಂದ ಅವರ ಬಲಗೈ ನಡುಗುತ್ತದೆ. ಯಾರಿಗೂ ಗೊತ್ತಿಲ್ಲ. ಜನ ಬಂದರೆ ಕೈ ಜೇಬಿನಲ್ಲಿ. ಈಗ ಕಣ್ಣನ್ನೂ ನಾನೇ ಇಡುತ್ತೇನೆ. ಅವರ ಸಹಿಯನ್ನೂ ನಾನೇ ಹಾಕುತ್ತೇನೆ.

ಇನ್ನೊಂದು ಸಂಗತಿ. ಇದನ್ನು ಓದಿ ಹರಿದುಹಾಕಿ. ಮಧ್ಯಾಹ್ನ ಊಟವಾದ ಮೇಲೆ ಸರ್ ಸ್ಟುಡಿಯೋದ ಕುರ್ಚಿಯಲ್ಲೇ ನಿದ್ದೆ ಮಾಡುತ್ತಾರೆ. ನಾನು ಅವರನ್ನು ಬರೆಯುತ್ತಿದ್ದೇನೆ, ಒಂದು ಪ್ಲೈವುಡ್ ತುಂಡಿನ ಮೇಲೆ. ಕನ್ನಡಕ ಹಣೆಗೆ ಏರಿದೆ. ಬಲಗೈಯನ್ನು ಎಡಗೈ ಹಿಡಿದುಕೊಂಡಿದೆ. ನಿದ್ದೆಯಲ್ಲೂ ಬಿಡುವುದಿಲ್ಲ. ಫೋಟೋ ಇಲ್ಲದೆ, ಯಾರೂ ಹೇಳದೆ ನಾನು ಬರೆದ ಮೊದಲ ಚಿತ್ರ ಇದು. ಮಂಚದ ಕೆಳಗೆ ಅಡಗಿಸಿಟ್ಟಿದ್ದೇನೆ. ಅವರು ನೋಡಿದರೆ ನನ್ನ ಕಥೆ ಖಲಾಸ್.

ಉತ್ತರವನ್ನು ಡ್ಯಾನಿಯಲ್ ಕೈಯಲ್ಲೇ ಕೊಡಿ. ಬಾಕ್ಸಿಗೆ ಬರೆಯುವಾಗ ಈ ವಿಷಯ ಬೇಡವೇ ಬೇಡ.

ನಿಮ್ಮ
ಚಂದು


ಮೂಲ್ಕಿ
4 ಮೇ 1997

ಚಂದು,

ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಕಳ್ಳಸಾಗಾಣಿಕೆಗೆ ಇಳಿದಿದ್ದೇನೆ, ಶುಭ ಹಾರೈಸು! ಡ್ಯಾನಿಯಲ್ ಹತ್ತಿರ ಹಲಸಿನ ಹಪ್ಪಳದ ಎರಡು ಕಟ್ಟು ಕೊಟ್ಟಿದ್ದೇನೆ. ಒಂದು ನಿನ್ನ ಇಂದ್ರಾಣಿ ಅಮ್ಮನಿಗೆ. ಬಾಯಿ ರುಚಿಯಾದರೆ ಮನಸ್ಸು ಮೆತ್ತಗಾಗುತ್ತದಲ್ಲ. ಇನ್ನೊಂದು ನಿನಗೆ. ಈ ಕಾಗದವನ್ನು ನಿನ್ನ ಕಟ್ಟಿನ ನಡುವೆ ಇಟ್ಟು ಬಾಳೆನಾರಿನಿಂದ ಬಿಗಿದಿದ್ದೇನೆ. ಕಟ್ಟಿನ ಮೇಲೆ ಪೇಪರ್ ಸುತ್ತಿ ಹೆಸರು ಬರೆದಿದ್ದೇನೆ. ಡ್ಯಾನಿಯಲ್, "ಕಾಗದವನ್ನು ಬೇರೆಯೇ ಕೊಡಿ ಮಾಮ, ನಾನು ಶರ್ಟಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತೇನೆ" ಅಂದ. ಕಿಸೆಯಲ್ಲಿ ಎಂತ ಮಜಾ ಉಂಟು ಮಾರಾಯ? ಹಪ್ಪಳದ ಹೊಟ್ಟೆ ಸೀಳಿ ಯಾವ ಸರ್ ನೋಡುತ್ತಾರೆ?

ನಿನ್ನ ಚಿತ್ರದ ಬಗ್ಗೆ ಓದಿ ನಾನು ಎದ್ದು ಅಂಗಳಕ್ಕೆ ಹೋಗಿ ಬಂದೆ. ಮಲಗಿದವನನ್ನು ಬರೆಯುವ ಧೈರ್ಯ ನನಗೆ ಬಂದದ್ದಿಲ್ಲ. ಪರದೆಯಲ್ಲಿ ಅರಮನೆ ಬರೆದೆ, ಕಾಡು ಬರೆದೆ, ಸ್ಮಶಾನ ಬರೆದೆ, ನಿದ್ದೆ ಬರೆಯಲಿಲ್ಲ. ಆ ಮುಖದಲ್ಲಿ ಕಣ್ಣು ಮುಚ್ಚಿದೆಯಲ್ಲ, ಹಾಗಾದರೆ ಸರ್ ಇಡಲಿಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಶಾಬಾಷ್!

ಆ ಕೈಯನ್ನು ಬರೆಯುವಾಗ ಜಾಗ್ರತೆ. ಮುಚ್ಚಬೇಡ, ಗೇಲಿಯೂ ಮಾಡಬೇಡ. ಗೇಲಿಗೆ ನಾನಿದ್ದೇನೆ. ಪೇಪರಿನಲ್ಲಿ ಆ ಫೋಟೋ ನೋಡಿದಾಗಿನಿಂದ ಬಾಯಿ ತುರಿಸುತ್ತಿತ್ತು, ಇವತ್ತು ಹೇಳಿಬಿಡುತ್ತೇನೆ: ಕೈ ಹೋದವರಿಗೆ ಕೈಯಾಳೇ ಕೈ. ಸಹಿ ಅವರದ್ದು, ಕಹಿ ನಿನ್ನದು. ದೊಡ್ಡ ಕಲಾವಿದರಂತೆ! ಜೇಬಿನಲ್ಲಿ ಕೈ ಇಟ್ಟುಕೊಂಡು ಕಳ್ಳರೂ ಹೀಗೇ ನಿಲ್ಲುತ್ತಾರೆ.

ಮುಗಿದ ಮೇಲೆ ಕೆಳಗೆ ನಿನ್ನ ಹೆಸರು ಹಾಕು. ಕನ್ನಡದಲ್ಲಿ ಹಾಕು.

ದೂಮಪ್ಪ ಮಾಮ


ಅಲ್ ಮುರಕ್ಕಬಾತ್
2 ಜೂನ್ 1997

ಮಾಮ,

ಇದನ್ನು ಡ್ಯಾನಿಯಲ್ ತನ್ನ ಹೋಟೆಲಿನ ಮೂಲಕ ಪೋಸ್ಟ್ ಮಾಡುತ್ತಿದ್ದಾನೆ. ಇನ್ನು ಅವನ ಹೋಟೆಲಿನ ಬಾಕ್ಸ್ ನಂಬರಿಗೇ ಬರೆಯಿರಿ.

ಬೊಂಬಾಯಿ ಏರ್‌ಪೋರ್ಟಿನಲ್ಲಿ ಡ್ಯಾನಿಯಲ್‌ನ ಪೆಟ್ಟಿಗೆ ಭಾರ ಹೆಚ್ಚಾಯಿತಂತೆ. ಎಲ್ಲರೂ ಮಾಡುವ ಹಾಗೆ ಅವನೂ ತಕ್ಕಡಿಯ ಪಕ್ಕ ಕುಳಿತು ಪೆಟ್ಟಿಗೆ ಬಿಚ್ಚಿದ. ಉಪ್ಪಿನಕಾಯಿಯ ಎಣ್ಣೆ ಸೋರಿ ಪೇಪರೆಲ್ಲ ನೆನೆದಿತ್ತು. ಸುತ್ತಿದ್ದ ಪೇಪರ್ ಕಿತ್ತು ಬಿಸಾಡಿದ. ಅದರ ಜೊತೆಗೆ ನೀವು ಬರೆದ ಹೆಸರೂ ಹೋಯಿತು. ಎರಡೂ ಕಟ್ಟು ಒಂದೇ ತರಹ. "ಯಾವುದಾದರೆ ಎಂತ, ಎರಡೂ ಹಪ್ಪಳ ಅಲ್ವಾ ಅಂದುಕೊಂಡೆ ಮಾರಾಯ" ಅಂತ ಈಗ ನನ್ನೆದುರು ನಿಂತು ಕಣ್ಣೀರು ಹಾಕುತ್ತಾನೆ. ಕಾಗದ ನಡುವೆ ಇದ್ದದ್ದು ಅವನಿಗೂ ಮರೆತಿತ್ತು.

ಇಂದ್ರಾಣಿ ಅಮ್ಮ ಮಧ್ಯಾಹ್ನ ಊಟಕ್ಕೆ ಹಪ್ಪಳ ಕರಿಯಲು ಕಟ್ಟು ಬಿಚ್ಚಿದರು.

ಸರ್ ಸಂಜೆ ಕೆಳಗೆ ಬಂದರು. ನಾನು ಕುಂಚ ತೊಳೆಯುತ್ತಿದ್ದೆ. "ಕೈ ಹೋದವರಿಗೆ ಕೈಯಾಳೇ ಕೈ" ಅಂದರು. ನನಗೆ ಅರ್ಥವಾಗಲಿಲ್ಲ. "ನಿಮ್ಮ ಸೋದರಮಾವ ಚೆನ್ನಾಗಿ ಬರೀತಾರೆ ಕಣಪ್ಪ" ಅಂತ ಕಾಗದ ಮೇಜಿನ ಮೇಲಿಟ್ಟರು. ಹಪ್ಪಳದ ಪುಡಿ ಅಂಟಿತ್ತು. ನಾನು ಓದುವ ತನಕ ಕಾದರು. ಆಮೇಲೆ, "ತೆಗಿ, ನೋಡೋಣ."

ಮಂಚದ ಕೆಳಗಿಂದ ತೆಗೆದೆ. ಎಷ್ಟೋ ಹೊತ್ತು ನೋಡಿದರು. ಬೈಯಲಿಲ್ಲ. ಚಿತ್ರವನ್ನು ಎಡಗೈಯ ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹೋದರು.

ಇದಾಗಿ ಹನ್ನೊಂದು ದಿನವಾಯಿತು. ಅವರು ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಬೆಳಿಗ್ಗೆ ಹೊಸ ಫೋಟೋ ಮೇಜಿನ ಮೇಲೆ ಇರುತ್ತದೆ, ಅಷ್ಟೆ. ಲಿಫ್ಟ್ ನಿಂತ ಸದ್ದಾದರೆ ಪೊಲೀಸ್ ಬಂದರು ಅಂತ ಕುಂಚ ಕೆಳಗಿಟ್ಟು ಬಾಗಿಲು ನೋಡುತ್ತೇನೆ. ಬಯ್ದಿದ್ದರೆ ಒಳ್ಳೆಯದಿತ್ತು ಮಾಮ.

ಚಂದು


ಮೂಲ್ಕಿ
20 ಜೂನ್ 1997

ಶ್ರೀ ಶಾಮಸುಂದರ ಅವರಿಗೆ,

ದೂಮಪ್ಪನ ನಮಸ್ಕಾರ. ಈ ಲಕೋಟೆ ನಿಮ್ಮ ಹೆಸರಿಗೇ ಬಂದದ್ದು. ಹಾಗಾಗಿ ಇದನ್ನು ಬಿಚ್ಚಿದ್ದಕ್ಕೆ ನಿಮ್ಮ ಮೇಲೆ ಯಾವ ಆಕ್ಷೇಪವೂ ಇಲ್ಲ. ನೋಡಿ, ಅಭ್ಯಾಸ ಬಿಡುವುದಿಲ್ಲ. ಈ ಸಾಲನ್ನು ಹೊಡೆದುಹಾಕಿ ಓದಿ.

ಹಪ್ಪಳದ ನಡುವೆ ನಿಮಗೆ ಸಿಕ್ಕಿದ ಮಾತುಗಳು ನನ್ನವು, ಚಂದುವಿನವಲ್ಲ. ಅವನು ನಿಮ್ಮ ಬಗ್ಗೆ ಕೆಟ್ಟದ್ದು ಬರೆದವನಲ್ಲ. ನಿಮ್ಮ ಕೈ ನಡುಗುತ್ತದೆ ಅಂತ ಬರೆದದ್ದು ಹೌದು. ಅದನ್ನು ಕೇಳಿ ನಕ್ಕವನು ನಾನು. ನಮ್ಮ ನಾಟಕದ ಮಂಡಳಿಯಲ್ಲಿ ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಯಜಮಾನರ ಗೋಣಿಯಲ್ಲಿ ಏಡಿ ಬಿಟ್ಟದ್ದು, ರಾಜಪಾರ್ಟಿನವನ ಕಿರೀಟಕ್ಕೆ ಸರೇಸು ಹಚ್ಚಿದ್ದು, ಎಲ್ಲ ನಾನೇ. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಈ ಸಲ ಆಯಿತು.

ನಿಮಗೆ ಸಿಟ್ಟಿದ್ದರೆ ನನ್ನ ಮೇಲೆ ಹಾಕಿ. ಆ ಹುಡುಗನಿಗೆ ಪಾಸ್‌ಪೋರ್ಟ್ ಕೊಡಿ. ತಂದೆಯನ್ನು ಅವನು ಕಂಡಿಲ್ಲ, ತಾಯಿ ಹೋದ ಮೇಲೆ ನಾನು ಸಾಕಿದ್ದು. ನಮ್ಮಲ್ಲಿ ಸೋದರಮಾವನ ಹೊಣೆ ತಂದೆಗಿಂತ ಹೆಚ್ಚು. ನಾನು ಅವನನ್ನು ನಿಮ್ಮ ಕೈಗೆ ಕೊಟ್ಟದ್ದು ಕೆಲಸ ಕಲಿಯಲಿ ಅಂತ. ನೀವು ಕಲಿಸಿದ್ದೀರಿ, ಇಲ್ಲ ಅನ್ನುವುದಿಲ್ಲ. ಮೈಬಣ್ಣ ಕಟ್ಟುವುದು ನನಗೆ ಬಾರದು, ನಿಮ್ಮಿಂದ ಅವನಿಗೆ ಬಂತು.

ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ದೂಮಪ್ಪ


ದುಬೈ
3 ಆಗಸ್ಟ್ 1997

ಹಿರಿಯರಾದ ದೂಮಪ್ಪನವರಿಗೆ,

ಇಂದ್ರಾಣಿ ಮಾಡುವ ನಮಸ್ಕಾರಗಳು. ನಮ್ಮ ಯಜಮಾನರು ಉತ್ತರ ಬರೆಯಲಿಲ್ಲವೆಂದು ತಪ್ಪು ತಿಳಿಯಬೇಡಿ. ಅವರು ಏನನ್ನೂ ಬರೆಯುತ್ತಿಲ್ಲ. ಬ್ಯಾಂಕಿನವರಿಗೂ ನಾನೇ ಬರೆಯುವುದು. ಮದುವೆಯಾದ ಹೊಸದರಲ್ಲಿ ಮೈಸೂರಿನಿಂದ ನನಗೆ ಅವರು ಬರೆಯುತ್ತಿದ್ದ ಪತ್ರಗಳ ಅಂಚಿನಲ್ಲೆಲ್ಲ ಗಿಳಿ, ನವಿಲು ಬಿಡಿಸಿರುತ್ತಿದ್ದರು. ಈಗ ಲೋಟ ಹಿಡಿದರೆ ಕಾಫಿ ಚೆಲ್ಲುತ್ತದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೇಳುವುದಿಲ್ಲ.

ನಿಮ್ಮ ಹಪ್ಪಳ ಚೆನ್ನಾಗಿದ್ದವು. ಕಾಗದವನ್ನು ನಾನು ಒಲೆಗೆ ಹಾಕಿಬಿಡಬೇಕಿತ್ತು. ಆ ಹೊತ್ತಿಗೆ ತೋಚಲಿಲ್ಲ.

ಚಂದು ಬರೆದ ಚಿತ್ರ ನಮ್ಮ ಹಾಲ್‌ನಲ್ಲಿದೆ. ಇವರು ದಿನವೂ ಅದರೆದುರು ಕೂತಿರುತ್ತಾರೆ. ಮೊದಲ ವಾರ ಸುಟ್ಟುಹಾಕುತ್ತಾರೇನೋ ಎಂದು ನಾನು ಬೆಂಕಿಪೊಟ್ಟಣ ಬಚ್ಚಿಟ್ಟಿದ್ದೆ. ಮೊನ್ನೆ ಕರೆದು, "ಇಂದ್ರಾ, ನನ್ನ ಕೈಯಿಂದ ಇಂಥದ್ದು ಒಂದೂ ಆಗಲಿಲ್ಲವಲ್ಲೇ" ಎಂದರು.

ನವೆಂಬರಿನಲ್ಲಿ ಅಬುಧಾಬಿಯಲ್ಲಿ ಇವರ ಚಿತ್ರಗಳ ಪ್ರದರ್ಶನವಿದೆ. ಎರಡು ವರ್ಷದಿಂದ ಓಡಾಡಿ ಹೊಂದಿಸಿಕೊಂಡದ್ದು. ಅದರಲ್ಲಿ ಈ ಚಿತ್ರ ಇಡಬೇಕಂತೆ. ಕಲಾವಿದ ತನ್ನನ್ನೇ ಬರೆದುಕೊಂಡದ್ದು ಎಂದು, ತಮ್ಮ ಹೆಸರಿನಲ್ಲಿ. ಸಹಿಯನ್ನೂ ಚಂದುವೇ ಹಾಕಬೇಕು. ಹಾಕಿದ ದಿನವೇ ಪಾಸ್‌ಪೋರ್ಟು, ರಿಲೀಸು ಎರಡೂ ಕೊಡುತ್ತೇನೆ ಎಂದಿದ್ದಾರೆ. ಚಂದು ಒಪ್ಪುತ್ತಿಲ್ಲ.

ನಾನು ಯಾರ ಪರವಾಗಿ ಬರೆಯುತ್ತಿದ್ದೇನೋ ನನಗೇ ತಿಳಿಯದು. ಅವನಿಗೆ ನೀವು ಬುದ್ಧಿ ಹೇಳಿದರೆ ಕೇಳಬಹುದು. ಒಂದು ಹೆಸರು ತಾನೇ?

ಇತಿ,
ಇಂದ್ರಾಣಿ ಶಾಮಸುಂದರ


ಮೂಲ್ಕಿ
17 ಆಗಸ್ಟ್ 1997

ಚಂದು ಮಗಾ,

ಇಂದ್ರಾಣಿ ಅಮ್ಮ ಬರೆದರು. ಕೊಟ್ಟುಬಿಡು.

ನನಗೆ ಗೊತ್ತುಂಟು, ಕನ್ನಡದಲ್ಲಿ ಹೆಸರು ಹಾಕು ಅಂದವನು ನಾನೇ. ಈಗ ಅದೇ ಬಾಯಿಯಿಂದ ಹೇಳುತ್ತಿದ್ದೇನೆ, ಅವರ ಹೆಸರು ಬರೆದು ಎದ್ದು ಬಾ. ನಾನು ಬರೆದ ಪರದೆಗಳಲ್ಲಿ ಒಂದರಲ್ಲಾದರೂ ನನ್ನ ಹೆಸರು ಇತ್ತಾ? ಕಂಪನಿಯ ಹೆಸರು, ಬೀಡಿಯ ಜಾಹೀರಾತು, ಇಷ್ಟೇ. ಆ ಪರದೆಗಳನ್ನು ಇಲಿ ತಿಂದಿತು, ಗೆದ್ದಲು ತಿಂದಿತು. ನಾನು ಉಳಿದೆ. ಚಿತ್ರ ಇನ್ನೊಂದು ಬರೆಯಬಹುದು. ನಿನ್ನಂಥವನನ್ನು ಇನ್ನೊಬ್ಬನನ್ನು ನಾನು ಎಲ್ಲಿಂದ ತರುವುದು?

ಇಲ್ಲಿ ಎಲ್ಲರೂ ಕೇಳುತ್ತಾರೆ, "ಚಂದುವಿನ ರಿಲೀಸ್ ಯಾವಾಗ?" "ಟಾಕೀಸ್ ಸಿಕ್ಕಿಲ್ಲ" ಅನ್ನುತ್ತೇನೆ. ಅವರು ನಗುತ್ತಾರೆ. ನನಗೆ ಮಾತ್ರ ಅನ್ನ ಇಳಿಯುವುದಿಲ್ಲ.

ಹಟ ಮಾಡಬೇಡ. ಹಟ ನಮ್ಮ ಮನೆತನದ್ದೇ, ಆದರೂ ಬೇಡ.

ಮಾಮ


ಮೂಲ್ಕಿ
12 ಅಕ್ಟೋಬರ್ 1997

ಚಂದು,

ಎಂಟು ವಾರವಾಯಿತು. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡರೆ ಸೈಕಲ್ ತಿರುಗಿಸಿ ಆಚೆ ಓಣಿಯಿಂದ ಹೋಗುತ್ತಾನೆ. ನಿನ್ನೆ ಅಡ್ಡ ಹಾಕಿದೆ. "ಇಲ್ಲ ದೂಮಣ್ಣ, ಇದ್ದರೆ ನಾನು ತಿನ್ನುತ್ತೇನಾ?" ಅಂದ. ಡ್ಯಾನಿಯಲ್‌ನ ಹೋಟೆಲಿಗೆ ಫೋನ್ ಮಾಡಿಸಿದೆ. ಯಾರೋ ಹಿಂದಿಯಲ್ಲಿ ಕೂಗಿ ಇಟ್ಟುಬಿಟ್ಟ.

ಊರಲ್ಲೇ ಉಳಿದುಬಿಟ್ಟ ಆಚುಮ್ಮನ ಮಗ ಹೇಳುತ್ತಾನೆ, ಅಲ್ಲಿ ಹಿಡಿದು ಒಳಗೆ ಹಾಕಿದರೆ ಕಾಗದ ಬರೆಯಲಿಕ್ಕೆ ಬಿಡುವುದಿಲ್ಲವಂತೆ. ಅವನಿಗೆ ಗೊತ್ತಿದ್ದು ಹೇಳಿದ್ದೋ, ಸುಮ್ಮನೆ ಹೇಳಿದ್ದೋ. ನಾನು ಅವನಿಗೆ ಎರಡು ದಿನದಿಂದ ಮುಖ ಕೊಟ್ಟಿಲ್ಲ.

ಒಂದು ಸಾಲು ಬರೆ. ಬದುಕಿದ್ದೇನೆ ಅಂತ ಸಾಕು. ಅದೂ ಕಷ್ಟವಾದರೆ ಬರೀ ಲಕೋಟೆ ಕಳಿಸು, ವಿಳಾಸದ ಅಕ್ಷರ ನಿನ್ನದಾದರೆ ಆಯಿತು.

ಮಾಮ


ದುಬೈ
14 ನವೆಂಬರ್ 1997

ಮಾಮ,

ಬದುಕಿದ್ದೇನೆ. ಬರೆಯದೆ ನಿಮ್ಮನ್ನು ಸಾಯಿಸಿದ್ದಕ್ಕೆ ಬಂದು ಕಾಲು ಹಿಡಿಯುತ್ತೇನೆ. ಬರೆದಿದ್ದರೆ ನೀವು ಮತ್ತೊಮ್ಮೆ "ಕೊಟ್ಟುಬಿಡು" ಅನ್ನುತ್ತಿದ್ದಿರಿ. ಇನ್ನೊಮ್ಮೆ ಕೇಳಿದ್ದರೆ ನಾನು ಕೊಡುತ್ತಿದ್ದೆ. ಅದಕ್ಕೇ ಬರೆಯಲಿಲ್ಲ.

ಜುಲೈ ಕೊನೆಯಲ್ಲಿ ಸರ್ ಚಿತ್ರವನ್ನು ಕೆಳಗೆ ತಂದು ನನ್ನೆದುರು ಇಟ್ಟರು. "ಮೂಲೇಲಿ ನನ್ನ ಹೆಸರು ಬರಿ. ಎಷ್ಟು ಸಲ ಬರೆದಿಲ್ಲ ನೀನು?" ನಿಜ, ಬರೆದಿದ್ದೇನೆ. ಆದರೆ ಅವೆಲ್ಲ ಅವರು ಒಪ್ಪಿಕೊಂಡು ತಂದ ಕೆಲಸಗಳು. ಇದನ್ನು ಯಾರೂ ಹೇಳಿರಲಿಲ್ಲ. "ಆಗುವುದಿಲ್ಲ ಸರ್" ಅಂದೆ. ಇನ್ನೊಮ್ಮೆ ಹೇಳಬೇಕಾಯಿತು.

ಮರುದಿನ ಒಬ್ಬ ಗಿರಾಕಿ ಬಂದ. ಸರ್ ಯಾವಾಗಿನ ಹಾಗೆ, "ಕಣ್ಣು ಮಾತ್ರ ನಾನೇ ಇಡೋದು" ಅಂದರು. ನಾನು ಆ ಚಿತ್ರ ಮುಗಿಸಿದೆ, ಕಣ್ಣು ಬಿಟ್ಟು. ಗೋಡೆಗೆ ಒರಗಿಸಿದೆ. ಆಮೇಲಿನದ್ದನ್ನೂ ಹಾಗೇ. ಸರ್ ಕೇಳಿದರು, "ಏನಿದು?" "ಕಣ್ಣು ನಿಮ್ಮದಲ್ಲವಾ ಸರ್?" ಅಂದೆ. ಕೆಲಸ ನಿಲ್ಲಿಸಲಿಲ್ಲ, ಎದುರು ಮಾತಾಡಲಿಲ್ಲ, ಅವರು ಹೇಳಿದ್ದನ್ನೇ ಮಾಡಿದೆ. ಇದು ನಿಮ್ಮ ಬುದ್ಧಿಯೇ, ಎಲ್ಲಿಂದ ಬರಬೇಕು ಬೇರೆ.

ಅಕ್ಟೋಬರ್ ಹೊತ್ತಿಗೆ ಒಂಬತ್ತು ಮುಖಗಳು. ಕೋಟು, ಟೈ, ಒಡವೆ, ರೇಷ್ಮೆ ಸೀರೆ, ಅರಬರ ಉದ್ದ ಅಂಗಿ ಕಂದೂರ. ಕಣ್ಣಿರಬೇಕಾದ ಜಾಗದಲ್ಲಿ ಬರೀ ಬಿಳಿ. ಗಿರಾಕಿಗಳಿಗೆ "ಇನ್ನೆರಡು ದಿನ" ಅಂತ ಸರ್ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಇಂದ್ರಾಣಿ ಅಮ್ಮ ಊಟಕ್ಕೆ ಕರೆಯಲು ಬಂದವರು ಹೊಸ್ತಿಲಲ್ಲೇ ತಿರುಗಿ ಹೋದರು. ನಾನೂ ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದೆ. ದೂರು ಕೊಡುತ್ತಾರೆ, ನಾಳೆ ಕೊಡುತ್ತಾರೆ ಅಂತ ದಿನಾ ಕಾದೆ. ಬಟ್ಟೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿಟ್ಟಿದ್ದೆ. ಒಂದು ಮಧ್ಯಾಹ್ನ ಒಳಗೆ ಬಂದಾಗ ಸರ್ ಒಂದು ಚಿತ್ರದೆದುರು ಕುಂಚ ಹಿಡಿದು ನಿಂತಿದ್ದರು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಒತ್ತಿ ಹಿಡಿದಿದ್ದರು. ಕ್ಯಾನ್ವಾಸಿಗೆ ಮುಟ್ಟಿಸಲಿಲ್ಲ. ನಾನು ಹಿಂದಕ್ಕೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು, ಸದ್ದು ಮಾಡಿಕೊಂಡು ಬಂದೆ.

ಪ್ರದರ್ಶನವನ್ನು ಅವರೇ ಬೇಡವೆಂದು ಬಿಟ್ಟರು. ಕಾರಣ ಯಾರಿಗೂ ಹೇಳಲಿಲ್ಲ.

ಕಳೆದ ಶನಿವಾರ ಮೇಜಿನ ಮೇಲೆ ಫೋಟೋ ಇರಲಿಲ್ಲ. ನನ್ನ ಪಾಸ್‌ಪೋರ್ಟ್ ಇತ್ತು. ಅದರ ಕೆಳಗೆ ಅರಬಿಯಲ್ಲಿ ಟೈಪ್ ಮಾಡಿಸಿದ ರಿಲೀಸ್ ಕಾಗದ. "ಸಹಿ ನೀನೇ ಹಾಕ್ಕೊ" ಅಂದರು. "ನನ್ನ ಸಹಿ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ."

ಪೆನ್ ತೆಗೆದುಕೊಂಡೆ ಮಾಮ. ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಇದು ಬಲೆಯೋ ಅಂತ ಹೆದರಿಕೆಯಾಯಿತು. ನಾಳೆ ಅವರು, ಇದು ನನ್ನ ಸಹಿಯೇ ಅಲ್ಲ ಅಂದರೆ ನಾನು ಕಳ್ಳ. ಅವರ ಮುಖ ನೋಡಿದೆ, ಬಲೆ ಹಾಕುವವರ ಮುಖವಾಗಿರಲಿಲ್ಲ, ಸುಸ್ತಾದವರ ಮುಖ. ಆದರೂ ಕೈ ಮುಂದೆ ಹೋಗಲಿಲ್ಲ. "ನಿಮ್ಮ ಹೆಸರನ್ನು ಇನ್ನು ನಾನು ಬರೆಯುವುದಿಲ್ಲ ಸರ್. ಇದಕ್ಕೂ ಬರೆಯುವುದಿಲ್ಲ" ಅಂದೆ.

"ಹುಚ್ಚಪ್ಪ, ಇದು ನಿನ್ನ ಬಿಡುಗಡೆ ಕಾಗದ ಕಣೋ!" ಮೊದಲ ಸಲ ಅವರ ಸ್ವರ ಏರಿತು.

ಅವರೇ ಸಹಿ ಹಾಕಿದರು. ನಾವಿಬ್ಬರೂ ಟ್ಯಾಕ್ಸಿಯಲ್ಲಿ ಲೇಬರ್ ಆಫೀಸಿಗೆ ಹೋದೆವು. ಕೌಂಟರಿನವನು ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿ ನೋಡಿ, ಕಾಗದ ನೋಡಿ, ಹಿಂದಕ್ಕೆ ತಳ್ಳಿದ. ಇದು ಬೇರೆ ಸಹಿ ಅಂದ. ಹೊಸ ಕಾಗದದಲ್ಲಿ ಇನ್ನೊಮ್ಮೆ ಹಾಕಿದರು, ಅದೂ ಬೇರೆ. ಕೌಂಟರಿನವನು ಹಿಂದಿಯಲ್ಲಿ ಹೇಳಿದ, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬಹುದು, ಆದರೆ ಬರೆಯಲಾಗುವುದಿಲ್ಲ ಅಂತ ತನ್ನೆದುರು ಬಾಯಿಬಿಟ್ಟು ಹೇಳಬೇಕು.

ನಮ್ಮ ಹಿಂದೆಯೇ ಸಾಲಿನಲ್ಲಿ ಬಟ್ಟೆ ಅಂಗಡಿಯ ಸೇಠ್ ಒಬ್ಬರು. ಅವರ ಚಿತ್ರ ಮುಗಿಸಿಕೊಟ್ಟು ವರ್ಷವಾಗಿಲ್ಲ. "ಅರೇ ಶಾಮಸುಂದರ್ ಜೀ, ಆಪ್ ಯಹಾಂ?" ಅಂತ ಕೈ ಚಾಚಿದರು. ಸರ್ ಕೈ ಅಷ್ಟರಲ್ಲೇ ಜೇಬಿಗೆ ಹೋಗಿತ್ತು.

ನಾನು ಕಾಗದ ಮಡಚಿಕೊಳ್ಳುವುದರಲ್ಲಿದ್ದೆ. ಹೋಗುವ ಸರ್, ಇನ್ನೊಂದು ದಿನ ಬರುವ ಅಂತ ಹೇಳಲಿಕ್ಕೆ ಬಾಯಿ ತೆರೆದೆ. ಸರ್ ಜೇಬಿನಿಂದ ಕೈ ತೆಗೆದರು. ಸೇಠ್ ಎದುರೇ. ಅದು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಆಡುತ್ತಿತ್ತು. ಕೌಂಟರಿನವನಿಗೆ ಅವರು ಗಟ್ಟಿಯಾಗಿ ಹೇಳಿದರು, "ನನಗೆ ಬರೆಯೋಕೆ ಆಗಲ್ಲ. ಎರಡು ವರ್ಷದಿಂದ ಆಗಲ್ಲ." ಕನ್ನಡದಲ್ಲೇ ಹೇಳಿದರು. ಆಮೇಲೆ ತಲೆಯಲ್ಲಾಡಿಸಿ ಹಿಂದಿಯಲ್ಲಿ ಹೇಳಿದರು. ಸೇಠ್ ಆ ಕೈ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಇಂಕಿನ ಪ್ಯಾಡ್ ನಾನು ಹಿಡಿದುಕೊಂಡೆ. ಸರ್ ಹೆಬ್ಬೆಟ್ಟು ಒತ್ತಿದರು. ಖಲಾಸ್.

ಡಿಸೆಂಬರ್ 6ಕ್ಕೆ ಟಿಕೆಟ್ ಆಗಿದೆ. ಜನವರಿಯಲ್ಲಿ ತಿರುಗಿ ಬಂದು ಅಬುಧಾಬಿಯ ಒಂದು ಸಣ್ಣ ಸ್ಟುಡಿಯೋ ಸೇರುತ್ತೇನೆ, ಅಲ್ಲಿಯ ವೀಸಾದಲ್ಲಿ ಆರ್ಟಿಸ್ಟ್ ಅಂತ ಹಾಕುತ್ತಾರೆ. ಮಲಗಿದ ಚಿತ್ರ ಸರ್ ಮನೆಯಲ್ಲೇ ಇದೆ. "ತಗೊಂಡು ಹೋಗು" ಅಂದರು. ಇರಲಿ ಸರ್ ಅಂತ ಮೂಲೆಯಲ್ಲಿ ನನ್ನ ಪೂರ್ತಿ ಹೆಸರು, ಚಂದ್ರಹಾಸ ಅಂತ ಕನ್ನಡದಲ್ಲಿ ಬರೆದು ಅಲ್ಲೇ ಬಿಟ್ಟೆ. ಒಂಬತ್ತು ಚಿತ್ರಗಳಿಗೂ ಕಣ್ಣಿಟ್ಟು ಮುಗಿಸಿದೆ. ಯಾರ ಸಹಿಯನ್ನೂ ಹಾಕಲಿಲ್ಲ.

ಆ ದಿನ ಆಫೀಸಿನಿಂದ ವಾಪಸು ಬರುವಾಗ ಸರ್ ದಾರಿಯುದ್ದಕ್ಕೂ ಹೆಬ್ಬೆರಳಿನ ಇಂಕನ್ನು ಕರವಸ್ತ್ರಕ್ಕೆ ಉಜ್ಜುತ್ತಲೇ ಇದ್ದರು. ಕಟ್ಟಡದ ಕೆಳಗೆ ಟ್ಯಾಕ್ಸಿ ನಿಂತಾಗ ಕೇಳಿದರು, "ನೀನು ಹೋದ್ಮೇಲೆ ಸ್ಟುಡಿಯೋ ಯಾರು ತೆಗೀತಾರೆ ಚಂದು?"

"ಗೊತ್ತಿಲ್ಲ ಸರ್" ಅಂದೆ. ನಾಲ್ಕು ವರ್ಷದಲ್ಲಿ ಅವರು ಏನು ಕೇಳಿದರೂ ನಾನು ಹಾಗೆ ಅಂದದ್ದಿರಲಿಲ್ಲ.

ಅವರು ಇಳಿಯಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನಮ್ಮಿಬ್ಬರನ್ನು ನೋಡುತ್ತಿದ್ದ. ಆಮೇಲೆ ನಾನು ಇಳಿದೆ.

ಚಂದ್ರಹಾಸ